ಕರಡು, ಪಾಠ, ಮಹಾಪ್ರಬಂಧ: ವಿಶ್ವವಿದ್ಯಾನಿಲಯದಲ್ಲಿ ಮಾಹಿತಿ ಹಕ್ಕಿನ ಎಲ್ಲೆ

ಸಾರ್ವಜನಿಕರ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಬರೆಹ ಯಾರ ಸ್ವತ್ತು? ಅಧ್ಯಯನ ಮಂಡಳಿ ಒಪ್ಪಿದ ಪಠ್ಯಕ್ರಮ, ಅಧ್ಯಾಪಕರು ತರಗತಿಗೆಂದು ಮಾಡಿಕೊಂಡ ಟಿಪ್ಪಣಿ, ಪದವಿಗೆ ಅರ್ಹವೆನಿಸಿದ ಮಹಾಪ್ರಬಂಧ, ಅದರ ಬಗೆಗೆ ಪರೀಕ್ಷಕರು ಬರೆದ ವರದಿ, ಕ್ಷೇತ್ರಕಾರ್ಯದ ಧ್ವನಿಮುದ್ರಿಕೆ, ಸಂಪಾದನೆ ಇನ್ನೂ ಮುಗಿಯದ ಕಾವ್ಯವೊಂದರ ಪಾಠಾಂತರಗಳು, ವಿದ್ವಾಂಸರು ಒಬ್ಬರಿಗೊಬ್ಬರು ಬರೆದುಕೊಂಡ ಪತ್ರ, ಇವೆಲ್ಲವೂ ಒಂದೇ ಸಂಸ್ಥೆಯ ಕಪಾಟಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಇರುತ್ತವೆ. ಕಾನೂನಿನ ಕಣ್ಣಿಗೆ ಇವೆಲ್ಲ 'ಮಾಹಿತಿ'. ಆದರೆ ಇವುಗಳ ಸ್ವಭಾವ ಒಂದೇ ಅಲ್ಲ. ಕೆಲವನ್ನು ಮುಚ್ಚಿಟ್ಟರೆ ವಿದ್ಯೆಗೆ ದ್ರೋಹವಾಗುತ್ತದೆ. ಕೆಲವನ್ನು ಅಕಾಲದಲ್ಲಿ ತೆರೆದರೆ ವಿದ್ಯೆ ಹುಟ್ಟುವುದೇ ನಿಲ್ಲುತ್ತದೆ. ಈ ಎರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಪ್ರಸ್ತುತ ಲೇಖನದ ವಿಚಾರ.

ಈ ಗೆರೆಯನ್ನು ವಕೀಲರು ಎಳೆಯಲಿ, ನಮಗೇಕೆ ಎಂದು ಸಾಹಿತ್ಯದ ವಿದ್ಯಾರ್ಥಿಗಳು ಭಾವಿಸುವುದುಂಟು. ಅದು ಸರಿಯಲ್ಲ. ಹಿಂದಿನ ಸಂಶೋಧಕರ ಅಪ್ರಕಟಿತ ಮಹಾಪ್ರಬಂಧವೊಂದನ್ನು ನೋಡಲು ಗ್ರಂಥಾಲಯದಿಂದ ವಿಭಾಗಕ್ಕೆ, ವಿಭಾಗದಿಂದ ಕುಲಸಚಿವರ ಕಚೇರಿಗೆ ಅಲೆಯುವವರು ನಾವೇ. ಹಾಡು ಹೇಳಿದ ವೃದ್ಧೆಗೆ 'ನಿಮ್ಮ ಹೆಸರು ಹೊರಗೆ ಬರುವುದಿಲ್ಲ' ಎಂದು ಮಾತು ಕೊಟ್ಟು ಬರುವವರೂ ನಾವೇ. ಮೊದಲನೆಯದರಲ್ಲಿ ನಾವು ಕೇಳುವವರು, ಎರಡನೆಯದರಲ್ಲಿ ಕಾಯುವವರು. ಎರಡೂ ಪಾತ್ರಗಳಿಗೆ ಅನ್ವಯಿಸುವ ಕಾನೂನು ಒಂದೇ ಆಗಿರುವುದರಿಂದ ಅದನ್ನು ತಿಳಿದಿರುವುದು ನಮ್ಮ ವಿದ್ಯೆಯ ಭಾಗವೇ ಆಗಿದೆ.

ಕಾಯಿದೆ ಏನು ಹೇಳುತ್ತದೆ

ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯಿದೆಯನ್ನು 2000ದಲ್ಲಿಯೇ ಮಾಡಿಕೊಂಡಿತ್ತು. ಇಂದು ದೇಶದಾದ್ಯಂತ ಜಾರಿಯಲ್ಲಿರುವುದು 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಆಚರಣೆಗೆ ಬಂದ ಕೇಂದ್ರದ ಅಧಿನಿಯಮ. ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳೆಲ್ಲ ಅದರ ಪ್ರಕಾರ ಸಾರ್ವಜನಿಕ ಪ್ರಾಧಿಕಾರಗಳು. ಅರ್ಜಿದಾರನು ಕಾರಣ ಹೇಳಬೇಕಾಗಿಲ್ಲ ಎಂದು 6ನೇ ಪ್ರಕರಣ ಸ್ಪಷ್ಟಪಡಿಸುತ್ತದೆ. ಮಾಹಿತಿ ಎಂದರೆ ನಕಲು ಪಡೆಯುವುದಷ್ಟೇ ಅಲ್ಲ. ದಾಖಲೆಯನ್ನು ಕಣ್ಣಾರೆ ಪರಿಶೀಲಿಸುವುದು, ಟಿಪ್ಪಣಿ ಮಾಡಿಕೊಳ್ಳುವುದೂ ಹಕ್ಕಿನೊಳಗೆ ಸೇರಿವೆ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ವಿನಾಯಿತಿಗಳು 8ನೇ ಪ್ರಕರಣದಲ್ಲಿವೆ. ಅವುಗಳ ಪಟ್ಟಿಯಲ್ಲಿ 'ಸಂಶೋಧನೆ' ಎಂಬ ಮಾತೇ ಇಲ್ಲ, 'ಬೋಧನೆ' ಎಂಬ ಮಾತೂ ಇಲ್ಲ. ಆದಕಾರಣ ವಿಶ್ವವಿದ್ಯಾನಿಲಯಗಳು ಬೇರೆ ಉದ್ದೇಶಕ್ಕೆ ಹುಟ್ಟಿದ ವಿನಾಯಿತಿಗಳ ಆಶ್ರಯ ಪಡೆಯಬೇಕಾಗುತ್ತದೆ. ವ್ಯಾಪಾರದ ಗುಟ್ಟು ಹಾಗೂ ಬೌದ್ಧಿಕ ಸ್ವತ್ತನ್ನು ಕಾಯುವ 8(1)(ಡಿ), ವಿಶ್ವಾಸದ ಸಂಬಂಧದಲ್ಲಿ ದೊರೆತ ಮಾಹಿತಿಯನ್ನು ಕಾಯುವ 8(1)(ಇ), ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ), ಇವುಗಳೊಡನೆ ಅನ್ಯರ ಕೃತಿಸ್ವಾಮ್ಯಕ್ಕೆ ಭಂಗ ಬರುವುದಾದರೆ ನಿರಾಕರಿಸಬಹುದೆನ್ನುವ 9ನೇ ಪ್ರಕರಣ. ಔಷಧ ಕಂಪನಿಯ ಸೂತ್ರವನ್ನು ಕಾಯಲು ಹೊಲಿದ ಅಂಗಿಯನ್ನು ಛಂದಸ್ಸಿನ ಟಿಪ್ಪಣಿಗೆ ತೊಡಿಸಿದರೆ ಅದು ಕೆಲವೆಡೆ ಸಡಿಲ, ಕೆಲವೆಡೆ ಬಿಗಿ. ಸಡಿಲವಾದಲ್ಲಿ ರಕ್ಷಣೆ ಬೇಕಾದವರಿಗೆ ರಕ್ಷಣೆ ಇಲ್ಲ. ಬಿಗಿಯಾದಲ್ಲಿ ತೆರೆಯಬೇಕಾದುದು ತೆರೆಯುವುದಿಲ್ಲ. ನಮ್ಮ ತೊಂದರೆಯ ಮೂಲ ಇಲ್ಲಿದೆ.

ಬೋಧನೆಯ ಸಾಮಗ್ರಿ

ಮೊದಲು ಬೋಧನೆಯನ್ನು ನೋಡೋಣ. ಈ ವಿಷಯದಲ್ಲಿ ಹೊರದೇಶಗಳ ಮೂರು ಪ್ರಕರಣಗಳು ಬೋಧಪ್ರದವಾಗಿವೆ. ಇಂಗ್ಲೆಂಡಿನ ಸೆಂಟ್ರಲ್ ಲ್ಯಾಂಕಾಷೈರ್ ವಿಶ್ವವಿದ್ಯಾನಿಲಯ ಹೋಮಿಯೋಪಥಿಯಲ್ಲಿ ವಿಜ್ಞಾನ ಪದವಿಯನ್ನು ನೀಡುತ್ತಿತ್ತು. ಲಂಡನ್ನಿನ ಔಷಧವಿಜ್ಞಾನಿ ಡೇವಿಡ್ ಕೊಲ್‌ಕ್ಹೂನ್ 2006ರಲ್ಲಿ ಆ ಪದವಿಯ ಪಾಠಸಾಮಗ್ರಿಯನ್ನು ಕೇಳಿದರು. ವಿಜ್ಞಾನದ ಹೆಸರಿನಲ್ಲಿ ಏನನ್ನು ಕಲಿಸಲಾಗುತ್ತಿದೆ ಎಂದು ತಿಳಿಯುವುದು ಅವರ ಉದ್ದೇಶ. ಶುಲ್ಕ ಕೊಟ್ಟು ಸೇರಿದವರಿಗೆ ಅದು ಸಿಗುತ್ತದೆ, ಹೊರಗೆ ಕೊಟ್ಟರೆ ನಮ್ಮ ವಾಣಿಜ್ಯ ಹಿತಕ್ಕೆ ಧಕ್ಕೆ ಎಂದು ವಿಶ್ವವಿದ್ಯಾನಿಲಯ ವಾದಿಸಿತು. 2009ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ಆ ವಾದವನ್ನು ಒಪ್ಪದೆ, ಸಾಮಗ್ರಿಯನ್ನು ಬಿಡುಗಡೆ ಮಾಡಬೇಕೆಂದು ತೀರ್ಪಿತ್ತಿತು.

ಅಮೆರಿಕದಲ್ಲಿ ಅಧ್ಯಾಪಕರ ತರಬೇತಿಯನ್ನು ಪರಿಶೀಲಿಸುವ ರಾಷ್ಟ್ರೀಯ ಸಂಸ್ಥೆಯೊಂದು ಹಲವು ರಾಜ್ಯಗಳ ವಿಶ್ವವಿದ್ಯಾನಿಲಯಗಳಿಂದ ಪಾಠಯೋಜನೆಗಳನ್ನು ಕೇಳಿತು. ಮಿನ್ನೆಸೋಟಾದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಕೊಡಬೇಕೆಂದಿತು. ಮಿಸ್ಸೋರಿಯ ನ್ಯಾಯಾಲಯ 2014ರಲ್ಲಿ, ಪಾಠಯೋಜನೆ ಅಧ್ಯಾಪಕರ ಕೃತಿಸ್ವಾಮ್ಯಕ್ಕೆ ಒಳಪಟ್ಟದ್ದು, ಆದ್ದರಿಂದ ನಕಲು ಕೊಡುವಂತಿಲ್ಲ ಎಂದಿತು. ಒಂದೇ ದೇಶ, ಒಂದೇ ಬಗೆಯ ದಾಖಲೆ, ಉತ್ತರ ಮಾತ್ರ ಎರಡು.

ನಮ್ಮ ಸರ್ವೋಚ್ಚ ನ್ಯಾಯಾಲಯ ಪಾಠಸಾಮಗ್ರಿಗಿಂತ ಹೆಚ್ಚಾಗಿ ಪರೀಕ್ಷೆಯ ಬಗೆಗೆ ಮಾತನಾಡಿದೆ. 2011ರ ಆಗಸ್ಟಿನ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಅದನ್ನು ಬರೆದ ವಿದ್ಯಾರ್ಥಿಗೆ ಇದೆ ಎಂದು ಅದು ಹೇಳಿತು. ಪರೀಕ್ಷಕರ ಗುರುತನ್ನು ಮಾತ್ರ ಕಾಯಬೇಕೆಂದಿತು. ಮುಂದಿನ ತಿಂಗಳೇ ಲೆಕ್ಕಪರಿಶೋಧಕರ ಸಂಸ್ಥೆಯ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವನ್ನು ಗುರುತಿಸಿತು. ಪರೀಕ್ಷೆಗೆ ಮೊದಲು ಗೋಪ್ಯವಾದ ಪ್ರಶ್ನಪತ್ರಿಕೆ ಪರೀಕ್ಷೆ ಮುಗಿದ ಮೇಲೆ ಗೋಪ್ಯವಲ್ಲ. ಅಂದರೆ ಗೋಪ್ಯತೆ ಕಾಗದಕ್ಕೆ ಅಂಟಿಕೊಂಡ ಗುಣವಲ್ಲ. ಅದು ಕಾಲಕ್ಕೆ ಸಂಬಂಧಿಸಿದ ಗುಣ. ನಮ್ಮ ಚರ್ಚೆಗೆ ಇದು ಅತ್ಯಂತ ಉಪಯುಕ್ತ ಸೂತ್ರ.

ಈ ಸೂತ್ರವನ್ನು ತರಗತಿಗೆ ಅನ್ವಯಿಸಿದರೆ ಉತ್ತರ ಕಷ್ಟವಲ್ಲ. ಪಠ್ಯಕ್ರಮ, ಪರಾಮರ್ಶನ ಗ್ರಂಥಗಳ ಪಟ್ಟಿ, ಮುಗಿದ ಪರೀಕ್ಷೆಗಳ ಪ್ರಶ್ನಪತ್ರಿಕೆ, ಅಧ್ಯಯನ ಮಂಡಳಿಯ ನಡಾವಳಿ, ಇವುಗಳನ್ನು ಯಾರೂ ಅರ್ಜಿ ಹಾಕಿ ಕೇಳಬೇಕಾಗಿರಬಾರದು. ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿಯನ್ನು ಹೇಳುವ 4ನೇ ಪ್ರಕರಣದ ಆಶಯ ಇದೇ ಆಗಿದೆ. ಒಂದು ಕಾವ್ಯವನ್ನು ಪಠ್ಯದಿಂದ ಏಕೆ ಕೈಬಿಡಲಾಯಿತು, ಹಳಗನ್ನಡದ ಪತ್ರಿಕೆ ಯಾವ ಕಾರಣದಿಂದ ಐಚ್ಛಿಕವಾಯಿತು ಎಂಬುದನ್ನು ತಿಳಿಯುವ ಹಕ್ಕು ವಿದ್ಯಾರ್ಥಿಗೂ ಇದೆ, ಓದುಗನಿಗೂ ಇದೆ. ಮುಂದೊಂದು ದಿನ ಕನ್ನಡ ಬೋಧನೆಯ ಇತಿಹಾಸವನ್ನು ಬರೆಯುವವರಿಗೆ ಈ ನಡಾವಳಿಗಳೇ ಆಕರ.

ಅಧ್ಯಾಪಕರು ತಮಗಾಗಿ ಬರೆದುಕೊಂಡ ಟಿಪ್ಪಣಿಯ ಮಾತು ಬೇರೆ. ವಿದ್ಯಾರ್ಥಿಗಳಿಗೆ ಹಂಚಿದ ಬರೆಹ ಒಂದರ್ಥದಲ್ಲಿ ಪ್ರಕಟವಾದಂತೆಯೇ. ಅದನ್ನು ಹೊರಗಿನವರು ನೋಡಬಾರದೆನ್ನಲು ಕಾರಣವಿಲ್ಲ. ಆದರೆ ಪುಸ್ತಕದ ಅಂಚಿನಲ್ಲಿ ಗೀಚಿಕೊಂಡದ್ದು, ನಾಳೆಯ ಪಾಠಕ್ಕೆಂದು ಅರೆಬರೆ ಜೋಡಿಸಿಕೊಂಡದ್ದು ಅವರ ಮನಸ್ಸಿನ ಮುಂದುವರಿಕೆ. ಅದನ್ನು ಕಡತವೆಂದು ಕರೆದರೆ ಮುಂದೆ ಯಾರೂ ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ.

ಮಹಾಪ್ರಬಂಧವೆಂಬ ಸಾರ್ವಜನಿಕ ಸಾಕ್ಷ್ಯ

ಮಹಾಪ್ರಬಂಧದ ವಿಷಯದಲ್ಲಿ ನಮ್ಮ ನಿಲುವು ನಿಸ್ಸಂದಿಗ್ಧವಾಗಿದೆ. ಪದವಿ ಪ್ರದಾನವಾದ ಕ್ಷಣದಿಂದ ಅದು ಬಯಲಿನಲ್ಲಿರಬೇಕು. ಡಾಕ್ಟರೇಟ್ ಪದವಿ ಎಂದರೆ ಈ ವ್ಯಕ್ತಿ ಜ್ಞಾನಕ್ಕೆ ಹೊಸದೇನನ್ನೋ ಸೇರಿಸಿದ್ದಾನೆ ಎಂದು ವಿಶ್ವವಿದ್ಯಾನಿಲಯ ಲೋಕಕ್ಕೆ ನೀಡುವ ಪ್ರಮಾಣಪತ್ರ. ಸಾಕ್ಷ್ಯವನ್ನು ಒಳಗಿಟ್ಟುಕೊಂಡು ಪ್ರಮಾಣಪತ್ರವನ್ನು ಮಾತ್ರ ಹೊರಗೆ ತೋರಿಸುವುದು ನ್ಯಾಯವಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ 2009ರ ನಿಯಮಾವಳಿಯಿಂದೀಚೆಗೆ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಒಪ್ಪಿಸಬೇಕೆಂದು ವಿಧಿಸಿದೆ. ಶೋಧಗಂಗಾ ಭಂಡಾರ ನಮ್ಮ ಕಾಲದ ಸಂಶೋಧಕರಿಗೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ಬಳಸಿದವರೆಲ್ಲ ಬಲ್ಲರು.

ಆದರೂ ಅದಕ್ಕಿಂತ ಹಿಂದಿನ ದಶಕಗಳ ಮಹಾಪ್ರಬಂಧಗಳು ಬೆರಳಚ್ಚಿನ ಪ್ರತಿಗಳಾಗಿ ಗ್ರಂಥಾಲಯದ ಮೂಲೆಗಳಲ್ಲಿವೆ. ಅವುಗಳನ್ನು ಕೇಳಿದಾಗ ಸಾಮಾನ್ಯವಾಗಿ ಮುಂದಿಡುವ ನೆಪ ಕೃತಿಸ್ವಾಮ್ಯ. ಇಲ್ಲಿ ಕಾಯಿದೆಯ ಅಕ್ಷರವನ್ನು ಗಮನಿಸಬೇಕು. 9ನೇ ಪ್ರಕರಣ ತಡೆಯುವುದು ಕೃತಿಸ್ವಾಮ್ಯದ ಭಂಗವನ್ನು. ಓದುವುದರಿಂದ ಯಾವ ಕೃತಿಸ್ವಾಮ್ಯಕ್ಕೂ ಭಂಗ ಬರುವುದಿಲ್ಲ. ಸಂಪೂರ್ಣ ನಕಲನ್ನು ನಿರಾಕರಿಸಬಹುದಾದ ಸಂದರ್ಭದಲ್ಲಿಯೂ ಕುಳಿತು ಓದಿ ಟಿಪ್ಪಣಿ ಮಾಡಿಕೊಳ್ಳುವ ಅವಕಾಶವನ್ನು ನಿರಾಕರಿಸಲು ಆಧಾರವಿಲ್ಲ. ನಮ್ಮ ಸಂಶೋಧನ ವಿದ್ಯಾರ್ಥಿಗಳು ಅರ್ಜಿಯಲ್ಲಿ 'ಪ್ರತಿ ಕೊಡಿ' ಎಂದಷ್ಟೇ ಬರೆಯದೆ 'ಪರಿಶೀಲನೆಗೆ ಅವಕಾಶ ಕೊಡಿ' ಎಂದೂ ಬರೆಯಬೇಕು. ಎಷ್ಟೋ ಬಾಗಿಲುಗಳು ಈ ಒಂದು ವಾಕ್ಯಕ್ಕೆ ತೆರೆದುಕೊಳ್ಳಬಲ್ಲವು.

ಪರೀಕ್ಷಕರ ವರದಿಗಳೂ ಪದವಿ ಪ್ರದಾನದ ನಂತರ ತೆರೆದಿರಬೇಕು. ಹೆಸರನ್ನು ಮರೆಮಾಡಬೇಕೆಂದಿದ್ದರೆ ದಾಖಲೆಯ ಒಂದು ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಲು 10ನೇ ಪ್ರಕರಣ ಅವಕಾಶ ಕೊಡುತ್ತದೆ. ವರದಿ ಬೆಳಕಿಗೆ ಬರುತ್ತದೆಂದು ತಿಳಿದಿರುವ ಪರೀಕ್ಷಕರು ಮಹಾಪ್ರಬಂಧವನ್ನು ನಿಜವಾಗಿ ಓದಿ ಬರೆಯುತ್ತಾರೆ. ಕೃತಿಚೌರ್ಯವನ್ನು ತಡೆಯಲು ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ನಡೆಯುತ್ತಿರುವ ಸಂಶೋಧನೆ

ಮುಗಿಯದ ಕೆಲಸದ ಪ್ರಶ್ನೆ ಇದಕ್ಕಿಂತ ಜಟಿಲ. ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ದಶಕಗಳ ಕಾಲ ಮರದ ವಾರ್ಷಿಕ ಉಂಗುರಗಳನ್ನು ಅಳೆದು ಸಂಗ್ರಹಿಸಿದ್ದರು. ಅರ್ಜಿದಾರರೊಬ್ಬರು 2007ರಲ್ಲಿ ಆ ಅಳತೆಗಳನ್ನು ಕೇಳಿದರು. ಇದು ಅಪೂರ್ಣ ಸಾಮಗ್ರಿ, ನಮ್ಮ ಬೌದ್ಧಿಕ ಸ್ವತ್ತು ಎಂದು ವಿಶ್ವವಿದ್ಯಾನಿಲಯ ಹೇಳಿತು. ಬ್ರಿಟನ್ನಿನ ಮಾಹಿತಿ ಆಯುಕ್ತರು 2010ರಲ್ಲಿ ಕೊಡಬೇಕೆಂದು ನಿರ್ಣಯಿಸಿದರು. ಸಾರ್ವಜನಿಕ ಹಣದಿಂದ ದೊರೆತ ಮೂಲದತ್ತಾಂಶ ಸಂಗ್ರಹಿಸಿದವರ ಕಪಾಟಿನಲ್ಲಿ ಅನಂತಕಾಲ ಉಳಿಯಲಾಗದೆಂಬ ತತ್ತ್ವ ಇಲ್ಲಿ ಗೆದ್ದಿತು.

ಇನ್ನೊಂದು ಘಟನೆ ಸ್ಕಾಟ್ಲೆಂಡಿನದು. ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದ ಸಂಶೋಧಕರು ಸಾವಿರಾರು ಹದಿಹರೆಯದ ಮಕ್ಕಳನ್ನು ಮಾತನಾಡಿಸಿ, ಧೂಮಪಾನದ ಬಗೆಗೆ ಅವರ ಮನೋಭಾವವನ್ನು ದಾಖಲಿಸಿದ್ದರು. ಮಕ್ಕಳು ವಿಶ್ವಾಸವಿಟ್ಟು ಹೇಳಿದ ಮಾತುಗಳವು. ಆ ದತ್ತಾಂಶವನ್ನು ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಕೇಳಿದವರು ಯಾರು? ಫಿಲಿಪ್ ಮಾರಿಸ್ ಎಂಬ ಬೃಹತ್ ಸಿಗರೇಟು ಕಂಪನಿ; ಮೊದಲಿಗೆ 2009ರಲ್ಲಿ ಹೆಸರು ಹೇಳದೆ ವಕೀಲರ ಮೂಲಕ, ಬಳಿಕ ತಾನೇ ಮುಂದೆ ಬಂದು. 2011ರಲ್ಲಿ ಈ ಸುದ್ದಿ ಹೊರಬಿದ್ದಾಗ ವಿದ್ವಲ್ಲೋಕ ಬೆಚ್ಚಿತು. ಕಾಯಿದೆ ಕೇಳುವವನ ಉದ್ದೇಶವನ್ನು ಕೇಳುವುದಿಲ್ಲ. ಅದು ಅದರ ಶಕ್ತಿ. ಆದರೆ ಆ ಶಕ್ತಿ ದುರ್ಬಲನ ಕೈಯಲ್ಲಿಯೇ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಬ್ರಿಟನ್ ಈ ಅನುಭವಗಳ ನಂತರ 2014ರಲ್ಲಿ ತನ್ನ ಕಾಯಿದೆಗೆ 22ಎ ಎಂಬ ಹೊಸ ಪ್ರಕರಣವನ್ನು ಸೇರಿಸಿತು. ಸ್ಕಾಟ್ಲೆಂಡಿನ 2002ರ ಕಾಯಿದೆಯಲ್ಲಿ ಅಂತಹುದೊಂದು ಮೊದಲಿನಿಂದಲೂ ಇತ್ತು. ಅದರ ರಚನೆ ಗಮನಾರ್ಹವಾಗಿದೆ. ಸಂಶೋಧನೆ ಇನ್ನೂ ನಡೆಯುತ್ತಿರಬೇಕು, ಪ್ರಕಟಣೆಯ ಉದ್ದೇಶವಿರಬೇಕು, ಈಗಲೇ ಹೊರಗೆ ಕೊಟ್ಟರೆ ಆಗುವ ಹಾನಿಯನ್ನು ತೋರಿಸಬೇಕು, ಇಷ್ಟಾದ ಮೇಲೂ ಸಾರ್ವಜನಿಕ ಹಿತ ಹೆಚ್ಚಿನದೆಂದು ಕಂಡರೆ ಕೊಡಲೇಬೇಕು. 'ಸಂಶೋಧನೆ' ಎಂದು ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ.

ಅಮೆರಿಕದ ವರ್ಜೀನಿಯ ರಾಜ್ಯದ ಕಾಯಿದೆ ಬೇರೊಂದು ದಾರಿ ಹಿಡಿದಿದೆ. ಸಾರ್ವಜನಿಕ ವಿಶ್ವವಿದ್ಯಾನಿಲಯದ ಅಧ್ಯಾಪಕರು ವೈಜ್ಞಾನಿಕ ಅಥವಾ ವಿದ್ವತ್ಪೂರ್ಣ ಅಧ್ಯಯನದಲ್ಲಿ ಸಿದ್ಧಪಡಿಸಿದ, ಇನ್ನೂ ಪ್ರಕಟವಾಗದ ಸ್ವಾಮ್ಯರೂಪದ ಬರೆಹಗಳಿಗೆ ಅಲ್ಲಿ ವಿನಾಯಿತಿ ಇದೆ. ಹವಾಮಾನ ವಿಜ್ಞಾನಿ ಮೈಕೇಲ್ ಮನ್ ಅಲ್ಲಿದ್ದ ಕಾಲದ ಇ-ಅಂಚೆಗಳನ್ನು, ಹವಾಮಾನ ಬದಲಾವಣೆಯ ವಿಜ್ಞಾನವನ್ನು ಸಂಶಯಿಸುವ ಸಂಘಟನೆಯೊಂದು 2011ರಲ್ಲಿ ಕೇಳಿತು. 2014ರ ಏಪ್ರಿಲಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ವಿಶ್ವವಿದ್ಯಾನಿಲಯದ ಪರವಾಗಿ ನಿಂತಿತು. ಹಾನಿಯೆಂದರೆ ಹಣದ ಹಾನಿ ಮಾತ್ರವಲ್ಲ. ವಿದ್ವಾಂಸರು ಮುಕ್ತವಾಗಿ ಪತ್ರ ಬರೆಯಲಾರದ ಸ್ಥಿತಿಯೂ ಹಾನಿಯೇ ಎಂಬುದು ಆ ತೀರ್ಪಿನ ಸಾರ.

ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳು ಇದು ವಿಜ್ಞಾನಿಗಳ ತಾಪತ್ರಯವೆಂದು ದೂರ ಸರಿಯಬಾರದು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿಲಿಯಂ ಕ್ರೊನನ್ ಪರಿಸರದ ಇತಿಹಾಸವನ್ನು ಬರೆದ ಪ್ರಸಿದ್ಧ ಇತಿಹಾಸಕಾರರು. 2011ರ ಮಾರ್ಚಿನಲ್ಲಿ ಅವರು ರಾಜ್ಯದ ಆಳುವ ಪಕ್ಷದ ಶಾಸನಗಳ ಹಿಂದಿನ ಸೂತ್ರಧಾರರ ಬಗೆಗೆ ಒಂದು ಲೇಖನ ಬರೆದರು. ಕೆಲವೇ ದಿನಗಳಲ್ಲಿ ಆ ಪಕ್ಷದಿಂದ ಅವರ ಇ-ಅಂಚೆಗಳಿಗಾಗಿ ದಾಖಲೆಯ ಕೋರಿಕೆ ಬಂತು. ವಿಶ್ವವಿದ್ಯಾನಿಲಯ ಒಂದು ಭಾಗವನ್ನು ಕೊಟ್ಟಿತು. ವಿದ್ಯಾರ್ಥಿಗಳ ವಿವರ ಮತ್ತು ವಿದ್ವಾಂಸರ ಪರಸ್ಪರ ಬೌದ್ಧಿಕ ಸಂವಾದವನ್ನು ತಡೆಹಿಡಿಯಿತು. ಲೇಖನ ಬರೆದ ತಪ್ಪಿಗೆ ಪತ್ರಗಳ ತಪಾಸಣೆ ಎಂಬ ಸ್ಥಿತಿ ಯಾವ ದೇಶದಲ್ಲಿಯೂ ಬರಬಹುದು. ಧರ್ಮ, ಜಾತಿ, ವಂಶದ ಇತಿಹಾಸವನ್ನು ಮುಟ್ಟಿದವರಿಗೆ ಇಲ್ಲಿ ಎಂತಹ ಒತ್ತಡ ಬರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಮಾತು ಕೊಟ್ಟವರ ಋಣ

ನಮ್ಮ ಕಾಯಿದೆಯಲ್ಲಿರುವ ಒಂದು ಬಿರುಕು ಜಾನಪದ ಮತ್ತು ಮೌಖಿಕ ಇತಿಹಾಸದ ಸಂಶೋಧಕರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ. 8(3)ನೇ ಉಪಪ್ರಕರಣದಂತೆ, ಅರ್ಜಿಯ ದಿನಕ್ಕೆ ಇಪ್ಪತ್ತು ವರ್ಷ ಹಿಂದಿನ ಘಟನೆಗೆ ಸಂಬಂಧಿಸಿದ ಮಾಹಿತಿಗೆ ದೇಶದ ಭದ್ರತೆ, ಶಾಸನಸಭೆಯ ವಿಶೇಷಾಧಿಕಾರ, ಮಂತ್ರಿಮಂಡಲದ ಕಾಗದಪತ್ರ ಎಂಬ ಮೂರು ವಿನಾಯಿತಿಗಳು ಮಾತ್ರ ಉಳಿಯುತ್ತವೆ. ವಿಶ್ವಾಸದ ಸಂಬಂಧ, ವ್ಯಕ್ತಿಯ ಖಾಸಗಿತನ, ಪ್ರಾಣಾಪಾಯದ ಭಯ ಎಂಬ ವಿನಾಯಿತಿಗಳು ಆ ಮೂರರಲ್ಲಿ ಇಲ್ಲ. ಆಡಳಿತದ ಹಳೆಯ ಕಡತಗಳಿಗೆ ಇದು ಒಳ್ಳೆಯ ನಿಯಮ. ಇತಿಹಾಸಕಾರರಿಗೆ ವರವೇ ಸರಿ.

ಆದರೆ ಇಪ್ಪತ್ತೈದು ವರ್ಷಗಳ ಹಿಂದೆ ಹಳ್ಳಿಯೊಂದರಲ್ಲಿ ನಡೆದ ಬಹಿಷ್ಕಾರದ ಬಗೆಗೆ ಸಂಶೋಧಕಿಯೊಬ್ಬಳಿಗೆ ಹೆಣ್ಣುಮಗಳೊಬ್ಬಳು ಅಳುತ್ತ ಹೇಳಿದ ಮಾತು ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿ ಇದೆಯೆಂದು ಭಾವಿಸೋಣ. ಹೇಳಿದವಳು ಇನ್ನೂ ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಬದುಕಿದ್ದಾಳೆ. ಕಡತಕ್ಕೆ ಇಪ್ಪತ್ತು ವರ್ಷ ದೀರ್ಘಕಾಲ. ಮನುಷ್ಯರ ದ್ವೇಷಕ್ಕೆ ಅಲ್ಲ. ಕಾಯಿದೆ ಬರೆದವರು ಕಚೇರಿಯ ಕಡತವನ್ನು ಕಣ್ಣಮುಂದಿಟ್ಟುಕೊಂಡಿದ್ದರು. ಕ್ಷೇತ್ರಕಾರ್ಯದ ದಿನಚರಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹೀಗಾಗಿ ಅತ್ಯಂತ ಹೆಚ್ಚು ರಕ್ಷಣೆ ಬೇಕಾದ ಮಾಹಿತಿ ಅತ್ಯಂತ ಕಡಮೆ ರಕ್ಷಣೆಯಲ್ಲಿ ನಿಂತಿದೆ.

ಇದಕ್ಕೆ ವಿರುದ್ಧ ದಿಕ್ಕಿನ ಬೆಳವಣಿಗೆಯೊಂದನ್ನೂ ಹೇಳಬೇಕು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣ ಅಧಿನಿಯಮದ 44(3)ನೇ ಪ್ರಕರಣ 8(1)(ಜೆ)ಯ ರೂಪವನ್ನೇ ಬದಲಿಸಿತು. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿ ಇತ್ತು. ಶಾಸನಸಭೆಗೆ ನಿರಾಕರಿಸಲಾಗದುದನ್ನು ಪ್ರಜೆಗೂ ನಿರಾಕರಿಸಬಾರದೆಂಬ ಮಾತೂ ಇತ್ತು. ತಿದ್ದುಪಡಿಯಲ್ಲಿ ಆ ಷರತ್ತುಗಳು ಹೋಗಿ, ವೈಯಕ್ತಿಕ ಮಾಹಿತಿ ಎಂಬುದಷ್ಟೇ ಉಳಿಯಿತು. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆನ್ನುವ 8(2) ಉಳಿದಿದೆಯಾದರೂ, ಪದವಿ, ನೇಮಕಾತಿ, ಮಾರ್ಗದರ್ಶಕರ ಅರ್ಹತೆ, ಎಲ್ಲವನ್ನೂ 'ವೈಯಕ್ತಿಕ' ಎಂದು ಪಕ್ಕಕ್ಕಿಡುವ ಹಾದಿ ಸುಗಮವಾಗಿದೆ. ಅಧಿಕಾರದಲ್ಲಿರುವವರ ಅರ್ಹತೆಗೆ ಬೇಲಿ, ಹಳ್ಳಿಯ ಹೆಣ್ಣುಮಗಳ ಮಾತಿಗೆ ಬಯಲು. ಇದು ತಲೆಕೆಳಗಾದ ಕ್ರಮ.

ಹಸ್ತಪ್ರತಿ ಯಾರ ಸಂಶೋಧನೆಯೂ ಅಲ್ಲ

ಮುಚ್ಚಿಡುವುದು ರಕ್ಷಿಸುವುದಕ್ಕೆ ಸಮವೆಂಬ ಭ್ರಮೆ ನಮ್ಮ ಪರಂಪರೆಗೆ ಹೊಸದಲ್ಲ. ಮೂಡುಬಿದಿರೆಯ ಬಸದಿಯಲ್ಲಿದ್ದ ಧವಲಾ, ಜಯಧವಲಾ ಓಲೆಗರಿಗಳು ಬಹುಕಾಲ ದರ್ಶನದ ವಸ್ತುಗಳಾಗಿದ್ದವೇ ಹೊರತು ಓದಿನ ವಸ್ತುಗಳಾಗಿರಲಿಲ್ಲ. ಭಕ್ತರು ದೂರದಿಂದ ಬಂದು ಕೈಮುಗಿದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಪ್ರತಿಗಳು ಹೊರಗೆ ಹೋದದ್ದೂ ಸುಲಭವಾಗಿ ಅಲ್ಲ. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾದ ಮೇಲೆಯೇ ಷಟ್ಖಂಡಾಗಮದ ಅಧ್ಯಯನ ಲೋಕದ ವಿದ್ವಾಂಸರಿಗೆ ಸಾಧ್ಯವಾದದ್ದು. ಕಾಪಾಡಿದವರಿಗೆ ನಮ್ಮ ನಮನ ಸಲ್ಲಬೇಕು. ಅವರಿಲ್ಲದಿದ್ದರೆ ಅಚ್ಚುಮಾಡಲು ಏನೂ ಉಳಿಯುತ್ತಿರಲಿಲ್ಲ. ಆದರೆ ಗ್ರಂಥ ಬದುಕಿದ್ದು ತೆರೆದ ಮೇಲೆ. ಅದೇ ಪರಂಪರೆಯ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿಯೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿ ಇದೆ. ಶಾಸ್ತ್ರದಾನವೆಂದರೆ ಹಂಚುವುದು ಎಂದು ಅವಳಿಗೆ ಗೊತ್ತಿತ್ತು.

ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಕಥೆಯೂ ಇದನ್ನೇ ಹೇಳುತ್ತದೆ. 1891ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳ ಪಾಠವನ್ನು ಲೋಕದ ಮುಂದಿಟ್ಟರು. ಇವರಿಬ್ಬರೂ ಸಂಸ್ಥಾನದ ಸಂಬಳ ಪಡೆದು ಕೆಲಸ ಮಾಡಿದವರು. ಮಾಹಿತಿ ಹಕ್ಕಿನ ಕಾಯಿದೆ ಇಲ್ಲದ ಕಾಲದಲ್ಲಿ ಅವರು ಅನುಸರಿಸಿದ ಶಿಸ್ತು ಇಂದಿಗೂ ಮಾದರಿ. ಕೆಲಸ ಮುಗಿಯುವವರೆಗೆ ಕರಡು ಸಂಪಾದಕನದು; ಮುಗಿದ ಮೇಲೆ ಪಾಠ ಎಲ್ಲರದು.

ಆದುದರಿಂದ ಸಂಪಾದಕರ ಕರಡು ಮತ್ತು ಮೂಲ ಹಸ್ತಪ್ರತಿ ಇವೆರಡನ್ನು ಬೆರೆಸಬಾರದು. ಸಂಪಾದಕರು ಗುರುತು ಹಾಕಿಕೊಂಡ ಪಾಠಾಂತರಗಳ ಟಿಪ್ಪಣಿ, ಪ್ರಕಟಣೆಯವರೆಗೆ ಅವರದು. ಆದರೆ ಓಲೆಗರಿ ಅವರದಲ್ಲ. ಒಬ್ಬರು ಸಂಪಾದಿಸುತ್ತಿದ್ದಾರೆಂಬ ಕಾರಣಕ್ಕೆ ಮೂಲವನ್ನೇ ಇನ್ನೊಬ್ಬರಿಗೆ ತೋರಿಸದಿರುವ ರೂಢಿ ಸಂಶೋಧನೆಯ ರಕ್ಷಣೆಯಲ್ಲ, ಸಂಶೋಧನೆಯ ಜಹಗೀರು.

ಏನು ಮಾಡಬಹುದು

ಹೊಸ ವಿನಾಯಿತಿಯನ್ನು ಬೇಡುವುದು ಅಪಾಯಕರವೆಂಬ ಆಕ್ಷೇಪ ಬರುವುದು ಸಹಜ. ಒಂದು ಬಾಗಿಲು ಮುಚ್ಚಲು ಬೀಗ ಕೊಟ್ಟರೆ ಅಧಿಕಾರಿಗಳು ಹತ್ತು ಬಾಗಿಲಿಗೆ ಹಾಕುತ್ತಾರೆಂಬ ಭಯ ನಿರಾಧಾರವಲ್ಲ. ಕಾಯಿದೆಯನ್ನು ತಿದ್ದಲು ಹೊರಟಾಗ ಅದು ಯಾವ ಕಡೆಗೆ ವಾಲುತ್ತದೆಂಬುದನ್ನು 2023ರ ತಿದ್ದುಪಡಿ ತೋರಿಸಿದೆ. ಈ ಆಕ್ಷೇಪಕ್ಕೆ ನಮ್ಮ ಉತ್ತರ ಇಷ್ಟೆ: ಹೆಸರಿಲ್ಲದ ವಿನಾಯಿತಿ ಹೆಸರುಳ್ಳ ವಿನಾಯಿತಿಗಿಂತ ವಿಶಾಲವಾದುದು. ಇಂದು 'ಬೌದ್ಧಿಕ ಸ್ವತ್ತು' ಎಂಬ ಒಂದೇ ಮಾತಿನಿಂದ ಪಠ್ಯಕ್ರಮವನ್ನೂ ಮಹಾಪ್ರಬಂಧವನ್ನೂ ಹಸ್ತಪ್ರತಿಯನ್ನೂ ನಿರಾಕರಿಸಲು ಪ್ರಯತ್ನಿಸಬಹುದು. ಷರತ್ತುಗಳನ್ನು ಎಣಿಸಿ ಬರೆದರೆ ಆ ಮಾತಿನ ವ್ಯಾಪ್ತಿ ಕಿರಿದಾಗುತ್ತದೆ. ನಿರಾಕರಣೆ ನ್ಯಾಯವೆಂದು ಸಾಧಿಸುವ ಹೊಣೆ ನಿರಾಕರಿಸಿದ ಅಧಿಕಾರಿಯದೇ ಎಂದು 19(5) ಈಗಾಗಲೇ ಹೇಳುತ್ತದೆ.

ಮೇಲಾಗಿ ಕೆಲಸದ ಬಹುಪಾಲಿಗೆ ತಿದ್ದುಪಡಿಯ ಅಗತ್ಯವೇ ಇಲ್ಲ. ಪಠ್ಯಕ್ರಮ, ನಡಾವಳಿ, ಹಳೆಯ ಪ್ರಶ್ನಪತ್ರಿಕೆ, ಮಹಾಪ್ರಬಂಧ, ಹಸ್ತಪ್ರತಿಗಳ ಸೂಚಿ, ಇವುಗಳನ್ನು ತೆರೆದಿಡಲು ಕುಲಪತಿಗಳ ಒಂದು ಸುತ್ತೋಲೆ ಸಾಕು. ಮಹಾಪ್ರಬಂಧವೊಂದನ್ನು ಪುಸ್ತಕ ಮಾಡುವ ಕಾರಣಕ್ಕೆ ಕೆಲಕಾಲ ತಡೆಹಿಡಿಯಬೇಕಾದರೆ, ಕಾರಣವನ್ನೂ ಅವಧಿಯನ್ನೂ ಬರೆದಿಡಬೇಕು. ಅವಧಿ ಮುಗಿದೊಡನೆ ಅದು ತಾನಾಗಿ ತೆರೆಯಬೇಕು.

ರಕ್ಷಣೆಯ ಕಡೆಯಲ್ಲಿಯೂ ನಾವೇ ಮಾಡಬಹುದಾದದ್ದಿದೆ. ಮಾತು ಹೇಳಿದವರಿಂದ ಕ್ಷೇತ್ರಕಾರ್ಯದಲ್ಲಿಯೇ ಲಿಖಿತ ಒಪ್ಪಿಗೆ ಪಡೆದು, ಯಾವ ಭಾಗ ಯಾವಾಗ ಬಯಲಾಗಬಹುದೆಂದು ಅವರ ಮಾತಿನಲ್ಲಿಯೇ ಬರೆಸಿಕೊಂಡರೆ ವಿಶ್ವಾಸದ ಸಂಬಂಧ ದಾಖಲೆಯ ಮೇಲೆ ನಿಲ್ಲುತ್ತದೆ. 8(1)(ಇ)ಯ ವಾದಕ್ಕೆ ಬಲ ಬರುತ್ತದೆ. ಹೆಸರುಗಳನ್ನು ಮುದ್ರಿಕೆಯಿಂದ ಬೇರ್ಪಡಿಸಿ ಇಡುವುದು ಇನ್ನೂ ಒಳ್ಳೆಯದು. ಪತ್ರವ್ಯವಹಾರದಲ್ಲಿ ಹಣ, ನೇಮಕ, ಖರೀದಿಗೆ ಸಂಬಂಧಿಸಿದುದು ಆಡಳಿತ, ಅದು ತೆರೆದಿರಲಿ. ಒಂದು ಪದ್ಯದ ಅರ್ಥದ ಬಗೆಗೆ ಇಬ್ಬರು ವಿದ್ವಾಂಸರು ಮಾಡಿದ ಜಗಳ ಆಡಳಿತವಲ್ಲ.

ಶಾಸನಸಭೆ ಮಾಡಲೇಬೇಕಾದುದು ಎರಡು. ನಡೆಯುತ್ತಿರುವ ಸಂಶೋಧನೆಗೆ ಪ್ರಕಟಣೆಯ ಉದ್ದೇಶ, ತೋರಿಸಬಹುದಾದ ಹಾನಿ, ನಿಯತ ಕಾಲಕ್ಕೊಮ್ಮೆ ಮರುಪರಿಶೀಲನೆ ಮತ್ತು ಸಾರ್ವಜನಿಕ ಹಿತದ ತೂಗುವಿಕೆ ಎಂಬ ನಾಲ್ಕು ಷರತ್ತುಗಳುಳ್ಳ ಕಿರಿದಾದ ವಿನಾಯಿತಿ. ಪ್ರಕಟಿಸಿದ ತೀರ್ಮಾನಕ್ಕೆ ಆಧಾರವಾದ ದತ್ತಾಂಶಕ್ಕೆ ಆ ವಿನಾಯಿತಿ ಮುಂದೆ ಸಲ್ಲದು. ಎರಡನೆಯದಾಗಿ, ವಿಶ್ವಾಸವಿಟ್ಟು ಸಂಶೋಧಕರಿಗೆ ಮಾತು ಕೊಟ್ಟ ಸಾಮಾನ್ಯರ ಗುರುತಿಗೆ ಇಪ್ಪತ್ತು ವರ್ಷದ ನಿಯಮದಿಂದ ಬಿಡುಗಡೆ.

ಗ್ರಂಥವನ್ನು ಕಟ್ಟಿಡುವುದು ವಿದ್ವತ್ತಿನ ಧರ್ಮವಲ್ಲ. ಕರಡನ್ನು ಬೀದಿಗೆ ಎಳೆಯುವುದು ಪ್ರಜಾಪ್ರಭುತ್ವದ ಧರ್ಮವಲ್ಲ. ವಿಶ್ವವಿದ್ಯಾನಿಲಯವು ಲೋಕಕ್ಕೆ 'ಇದು ಸತ್ಯ' ಎಂದು ಹೇಳಿದೊಡನೆ, ಆ ಸತ್ಯಕ್ಕೆ ಆಧಾರವೇನೆಂದು ಕೇಳುವ ಹಕ್ಕು ಲೋಕಕ್ಕೆ ಬರುತ್ತದೆ. ಹೇಳುವ ಮೊದಲು ತಡವರಿಸುವ, ತಿದ್ದಿಕೊಳ್ಳುವ, ಸಹವಿದ್ವಾಂಸರೊಡನೆ ವಾದಿಸುವ ಏಕಾಂತ ಸಂಶೋಧಕರಿಗೆ ಸಲ್ಲಬೇಕು. ಈ ಎರಡು ಹಕ್ಕುಗಳ ಸಂಧಿಕಾಲ ಪ್ರಕಟಣೆ. ಕಾನೂನಿನ ಗೆರೆಯೂ ಅಲ್ಲಿಯೇ ಬೀಳಬೇಕೆಂಬುದು ನಮ್ಮ ಅಭಿಪ್ರಾಯ. ಸಂಶೋಧನ ವಿದ್ಯಾರ್ಥಿಗಳು ತಮ್ಮ ತಮ್ಮ ವಿಭಾಗಗಳಲ್ಲಿ ಈ ಚರ್ಚೆಯನ್ನು ಮುಂದುವರಿಸಲಿ. ಹಳೆಯ ಮಹಾಪ್ರಬಂಧವೊಂದನ್ನು ಪರಿಶೀಲನೆಗೆ ಕೇಳುವುದರಿಂದಲೇ ಅದನ್ನು ಆರಂಭಿಸಬಹುದು.